ಬಂಪರ್ ಬಾಯಿಗೆ ಜಾಲರಿ: ಕಲಬುರಗಿ ಬಿಸಿಲಲ್ಲೂ ನಿಂತ ನನ್ನ ವಿಧಾನ

ಬೇಸಿಗೆ ಮುಗಿದು ಮಳೆ ಬಂತು. ಕಲ್ಲು, ಹೊಟ್ಟು ಒಳಗೆ ನುಗ್ಗದಿರಲಿ ಅಂತ ಕಾರಿನ ಮುಂದಿನ ಗ್ರಿಲ್‌ಗೆ ಹಾಕಿದ ಜಾಲರಿ ಅಲ್ಲೇ ಇದೆ. ಎಂಜಿನ್ ಒಂದು ದಿನವೂ ಕಾದಿಲ್ಲ. ಎ.ಸಿ. ತಣ್ಣಗೆ ಹೊಡೆಯುತ್ತಿದೆ. "ಬ್ಯಾಡ್ರಿ ಸರ್, ಮೇ ತಿಂಗಳಾಗ ಗಾಡಿ ಕುದಿತದ" ಅಂತ ಗ್ಯಾರೇಜಿನಲ್ಲಿ ಹೇಳಿದವರೇ ಈಗ ಬಗ್ಗಿ ಬಗ್ಗಿ ನೋಡುತ್ತಾರೆ, ಎಲ್ಲಿಂದ ತಂದಿರಿ ಅಂತ ಕೇಳುತ್ತಾರೆ. ಮಟಮಟ ಮಧ್ಯಾಹ್ನ, 43 ಡಿಗ್ರಿ ಬಿಸಿಲಲ್ಲಿ, ಊರ ನಡುವಿನ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಎ.ಸಿ. ಹಾಕಿಕೊಂಡು ನಿಂತು ನೋಡಿದ ಮೇಲೇ ಇದನ್ನು ಬರೆಯುತ್ತಿದ್ದೇನೆ.

ನಾನು ದಿನಾ ಓಡಾಡುವುದು ಸೇಡಂ ರಸ್ತೆಯಲ್ಲಿ. ಅಲ್ಲಿ ಸಿಮೆಂಟ್ ಲಾರಿ, ಸುಣ್ಣದಕಲ್ಲಿನ ಟಿಪ್ಪರ್ ಎಷ್ಟು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಶಹಾಬಾದ್ ಕಡೆ ಹೋದರೆ ಪರ್ಸಿ ಕಲ್ಲಿನ ಗಾಡಿಗಳು. ಮುಂದಿನ ಟೈರಿನಿಂದ ಹಾರಿದ ಒಂದು ಚೂರು ಕೆಳಗಿನ ಗ್ರಿಲ್ ಒಳಗೆ ನುಗ್ಗಿತು. ಮರುದಿನ ಎ.ಸಿ. ಬಿಸಿಗಾಳಿ ಬಿಡಲು ಶುರು ಮಾಡಿತು. ಕಂಡೆನ್ಸರ್ ಅಂದರೆ ರೇಡಿಯೇಟರ್ ಮುಂದೆ ಕೂರುವ, ಎ.ಸಿ. ಗ್ಯಾಸ್ ತಣಿಸುವ ಭಾಗ. ಅದು ತೂತು, ಗ್ಯಾಸ್ ಪೂರಾ ಖಾಲಿ. ಕಲ್ಲು ಬಡಿದದ್ದು ವಾರಂಟಿಯಲ್ಲಿ ಬರಲ್ಲ ಅಂದರು. ಕಂಡೆನ್ಸರ್, ಗ್ಯಾಸ್, ಕೂಲಿ ಎಲ್ಲಾ ಸೇರಿ ಒಂಬತ್ತು ಸಾವಿರದ ಆಸುಪಾಸು ಹೋಯಿತು.

ಹಳೇ ಕಂಡೆನ್ಸರ್ ಕೇಳಿ ಮನೆಗೆ ತಂದೆ. ನೆಲದ ಮೇಲೆ ಇಟ್ಟು ಟಾರ್ಚ್ ಹಾಕಿ ನೋಡಿದೆ. ಫಿನ್ (ಟ್ಯೂಬ್‌ಗಳ ನಡುವಿನ ತೆಳು ತಗಡು) ನಡುವೆ ಹತ್ತಿ ಎಳೆ, ತೊಗರಿ ಹೊಟ್ಟು, ಮಿಡತೆ ಕಾಲು, ಅದರ ಮೇಲೆ ಬಿಳಿ ಪುಡಿಯ ಪದರ. ಕೆಳಗಿನಿಂದ ಮೂರನೇ ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತು. ಸುತ್ತ ಎಣ್ಣೆ ಜಿಡ್ಡು, ಆ ಜಿಡ್ಡಿಗೆ ಧೂಳು ಅಂಟಿ ಕರಿ ಮಚ್ಚೆ. ಅಂದರೆ ನನಗೆ ಇಬ್ಬರು ಶತ್ರುಗಳು: ಕಲ್ಲು ಮತ್ತು ಹೊಟ್ಟು. ಎರಡಕ್ಕೂ ಒಂದೇ ಜಾಲರಿ ಸಾಕು ಅಂತ ಹೊರಟರೆ ಎರಡೂ ಕೆಡುತ್ತದೆ. ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಆಕ್ಸೆಸರಿ ಅಂಗಡಿಯಲ್ಲಿ ನಾಲ್ಕೂವರೆ ಸಾವಿರ ಕೇಳಿದರು. ತೋರಿಸಿದ್ದು ತೆಳು ಅಲ್ಯೂಮಿನಿಯಂ ಜಾಲರಿ, ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ನೋಡಲು ಚೆಂದ, ಕಲ್ಲಿಗೆ ಅದು ಲೆಕ್ಕಕ್ಕಿಲ್ಲ. ಸುಮ್ನೆ ಎದ್ದು ಬಂದೆ.

ಮೊದಲು ಹಾಕಿದ್ದು ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ, ಸ್ಟೀಲಿನದು. ಕಾಗದದ ಮೇಲೆ ಅದು ಸರಿಯಾಗೇ ಇತ್ತು. ತೂತು 1.3 ಮಿ.ಮೀ., ತಂತಿ 0.3 ಅಂತ ಹಿಡಿದರೆ ಸುಮಾರು 65% ಜಾಗ ಗಾಳಿಗೆ ತೆರೆದಿರುತ್ತದೆ. ಆದರೆ ಕಪ್ಪು ಸ್ಪ್ರೇ ಹೊಡೆದೆವು ಅನ್ನಿ, ಪ್ರತಿ ತಂತಿಯೂ ಸ್ವಲ್ಪ ದಪ್ಪ ಆಗುತ್ತದೆ. ತೂತು 1.1ಕ್ಕೆ ಇಳಿದರೆ ತೆರೆದ ಜಾಗ 47%. ಕೆಲವು ತೂತು ಪೇಂಟಿನಿಂದಲೇ ಮುಚ್ಚಿಹೋಗುತ್ತವೆ. ಮೇಲಿಂದ ಮಳೆಗಾಲದ ಹುಳ. ಜೇವರ್ಗಿಗೆ ಒಂದು ರಾತ್ರಿ ಹೋಗಿ ಬಂದರೆ ಅರ್ಧ ಜಾಲರಿ ಹುಳದ ಅಂಟು. ಓ.ಬಿ.ಡಿ. ರೀಡರ್ (ಗಾಡಿಯ ಕಂಪ್ಯೂಟರಿಗೆ ಸಿಗಿಸಿ ಲೆಕ್ಕ ಓದುವ ಸಾಧನ) ಹಾಕಿ ನೋಡಿದರೆ ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರು, 104, 105 ಡಿಗ್ರಿ ತೋರಿಸುತ್ತಿತ್ತು. ಮಾಮೂಲಿ ನನ್ನ ಗಾಡಿ 92ರಿಂದ 97ರ ಒಳಗೆ ಇರುತ್ತದೆ. ಡ್ಯಾಶ್‌ಬೋರ್ಡ್ ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಮುಳ್ಳು ನೋಡಿ ಸಮಾಧಾನ ಪಡಬೇಡಿ. ಎಷ್ಟೋ ಗಾಡಿಯಲ್ಲಿ ಅದು ನಡುವೆ ಒಂದೇ ಕಡೆ ನಿಲ್ಲುವ ಹಾಗೆ ಮಾಡಿರುತ್ತಾರೆ, ತೀರಾ ಬಿಸಿ ಆದ ಮೇಲೇ ಏಳುತ್ತದೆ. ನಾಲ್ಕೈದು ನೂರಿನ ಬ್ಲೂಟೂತ್ ರೀಡರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಎ.ಸಿ.ಗೂ ಒಂದು ಚಿಕ್ಕ ಥರ್ಮಾಮೀಟರ್ ವೆಂಟ್‌ನಲ್ಲಿ ಸಿಗಿಸಿ. ಜಾಲರಿ ಕಟ್ಟಿಕೊಂಡರೆ ಮೊದಲು ಗೊತ್ತಾಗುವುದು ಅಲ್ಲೇ. ಸಿಗ್ನಲ್‌ನಲ್ಲಿ ನಿಂತಾಗ ಗಾಳಿ ತಾನಾಗಿ ಬರಲ್ಲ, ಫ್ಯಾನ್ ಒಂದೇ ಎಳೆಯಬೇಕು.

ಆಮೇಲೆ ಹಾಕಿದ್ದು ಅಲ್ಯೂಮಿನಿಯಂ. ಕೇಬಲ್ ಟೈ ಹಾಕಿ ಗ್ರಿಲ್‌ಗೆ ಬಿಗಿದಿದ್ದೆ. ಬಿಳಿ ಟೈಗಳು ಏಪ್ರಿಲ್ ಬಿಸಿಲಿಗೆ ಕಡ್ಡಿ ಮುರಿದ ಹಾಗೆ ಪಟಪಟ ಮುರಿದವು. ಹಾಕುವುದಾದರೆ ಬಿಸಿಲು ತಡೆಯುವ ಕಪ್ಪು ಟೈ ಹಾಕಿ, ಅದೂ ತಾತ್ಕಾಲಿಕ. ಮೂಲೆ ಬಿಚ್ಚಿಕೊಂಡು ಜಾಲರಿ ಒಳಗೆ ಬಡಿಯುತ್ತಿತ್ತು. ಕೆಲವರು ಟೈಯನ್ನು ಕಂಡೆನ್ಸರ್ ಫಿನ್ ಒಳಗಿಂದಲೇ ತೂರಿಸಿ ಕಟ್ಟುತ್ತಾರೆ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಗಾಡಿ ಅಲುಗಾಡಿ ಅಲುಗಾಡಿ ಟ್ಯೂಬ್ ಸವೆದು ಗ್ಯಾಸ್ ಹೋಗುತ್ತದೆ. ಕಾಪಾಡಲು ಹಾಕಿದ್ದೇ ಕೊಲ್ಲುತ್ತದೆ.

ದಾರಿ ತೋರಿಸಿದ್ದು ನಮ್ಮ ಕಾಕಾನ ಟ್ರ್ಯಾಕ್ಟರ್. ತೊಗರಿ ರಾಶಿ ಮಾಡುವಾಗ ಅವರು ಹೊತ್ತು ಹೊತ್ತಿಗೆ ಬಾನೆಟ್ ಎತ್ತಿ, ರೇಡಿಯೇಟರ್ ಮುಂದಿನ ಜಾಲರಿಯನ್ನು ಮೇಲಕ್ಕೆ ಎಳೆದು, ಜಾಡಿಸಿ, ಮತ್ತೆ ಇಳಿಸುತ್ತಾರೆ. ಸ್ಪಾನರ್ ಬೇಕಿಲ್ಲ, ಅರ್ಧ ನಿಮಿಷದ ಕೆಲಸ. "ಜಾಲಿ ಹಾಕೋದು ದೊಡ್ಡ ಮಾತಲ್ಲಪ್ಪ, ತಗದು ಝಾಡಸಲಿಕ್ಕ ಬರಬೇಕು" ಅಂದರು ಕಾಕಾ. ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು.

ಈಗ ಇರುವುದು ಹೀಗೆ. ಖಾಯಂ ಜಾಲರಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ತೂತು 5 ಮಿ.ಮೀ., ತಂತಿ 0.9 ಮಿ.ಮೀ. ಹತ್ತಿರ. ತೆರೆದ ಜಾಗ 70% ದಾಟುತ್ತದೆ. ಪೇಂಟ್ ಹೊಡೆದರೂ ಜಾಸ್ತಿ ಇಳಿಯಲ್ಲ. ಇದು ಕಲ್ಲಿಗೆ. ಇದರಿಂದ ತೂರುವ ಸಣ್ಣ ಮರಳಿನಲ್ಲಿ ಟ್ಯೂಬ್ ಒಡೆಯುವಷ್ಟು ಜೋರಿಲ್ಲ. ಬಂಪರ್ ಬಿಚ್ಚಿ, ರಟ್ಟಿನ ಅಚ್ಚು ತೆಗೆದು, ಜಾಲರಿಯನ್ನು ಓರೆಯಾಗಿ ಇಟ್ಟು ಕತ್ತರಿಸಿ. ತಂತಿಗಳು ಗುಣಾಕಾರ ಚಿಹ್ನೆಯ ಹಾಗೆ ಬರಬೇಕು. ನೇರ ಕತ್ತರಿಸಿದರೆ ಬಂಪರ್ ತಿರುವಿನಲ್ಲಿ ಮಡಿಕೆ ಬೀಳುತ್ತದೆ, ಓರೆ ಇಟ್ಟರೆ ಬಾಗಿಕೊಂಡು ಕೂರುತ್ತದೆ. ಕತ್ತರಿಸಿದ ಅಂಚನ್ನು ಒಂದು ಬೆರಳಗಲ ಮಡಚಿ, ಅಲ್ಯೂಮಿನಿಯಂ ಪಟ್ಟಿಯ ಒಳಗೆ ಸಿಕ್ಕಿಸಿ ರಿವೆಟ್ ಹೊಡೆದೆ. ಎರಡು ಲೋಹದ ನಡುವೆ ಪೇಂಟ್ ಇರಲಿ, ಇಲ್ಲದಿದ್ದರೆ ಮಳೆ ನೀರಿಗೆ ಅಲ್ಯೂಮಿನಿಯಂ ಬಿಳಿ ಹಿಡಿದು ತಿನ್ನಿಸಿಕೊಳ್ಳುತ್ತದೆ. ಜಾಲರಿಗೂ ಕಂಡೆನ್ಸರ್‌ಗೂ ಕಡಿಮೆ ಅಂದರೂ ಎರಡು ಬೆರಳು ಅಂತರ. ಕಲ್ಲು ಬಡಿದಾಗ ಜಾಲರಿ ಒಳಗೆ ಬಾಗುತ್ತದೆ, ಅದಕ್ಕೆ ಜಾಗ ಬೇಕು. ಕೆಳಗಿನ ಅಂಚು ಪೂರ್ತಿ ಮುಚ್ಚಬೇಡಿ. ಸ್ವಲ್ಪ ಸಂದಿ ಬಿಟ್ಟರೆ ಒಳಗೆ ಸಿಕ್ಕ ಎಲೆ, ಕೆಸರು ಕೆಳಗೆ ಬೀಳುತ್ತದೆ.

ಎರಡನೆಯದು ಹೊಟ್ಟಿನ ಚೌಕಟ್ಟು. ಸಣ್ಣ ತೂತಿನ ಜಾಲರಿ, ಪೇಂಟ್ ಇಲ್ಲ. ಹತ್ತಿ ಗಾಡಿಗಳು ಶಹಾಪುರ, ಯಾದಗಿರಿ ಕಡೆ ಓಡುವ ಕಾಲದಲ್ಲಿ, ಆಮೇಲೆ ಡಿಸೆಂಬರ್–ಜನವರಿಯಲ್ಲಿ ರಸ್ತೆ ಮೇಲೆ ತೊಗರಿ ಹರವಿದಾಗ ಮಾತ್ರ ಹಾಕುತ್ತೇನೆ. ಆಗ ಚಳಿ, ಎಂಜಿನ್‌ಗೆ ತೊಂದರೆ ಇಲ್ಲ. ಶಿವರಾತ್ರಿ ಹೊತ್ತಿಗೆ ತೆಗೆದು ಅಟ್ಟಕ್ಕೆ ಹಾಕುತ್ತೇನೆ. ಇದು ಖಾಯಂ ಜಾಲರಿಯ ಮುಂದೆ ಕೂರುತ್ತದೆ, ಕೈಯಲ್ಲೇ ಬಿಚ್ಚುತ್ತದೆ. ಇದನ್ನು ಯಾವ ಕೊಂಡಿಯಲ್ಲಿ ನಿಲ್ಲಿಸಿದ್ದೇನೆ, ಸದ್ದು ಬರದ ಹಾಗೆ ನಡುವೆ ಏನು ಇಟ್ಟಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬಹಳ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು. ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುವ ವಸ್ತು ಅಂತ ಮಾತ್ರ ಹೇಳಬಲ್ಲೆ.

ಮೇ ತಿಂಗಳ ಲೆಕ್ಕ: ಖಾಯಂ ಜಾಲರಿ ಒಂದೇ ಇದ್ದಾಗ ಹೆದ್ದಾರಿಯಲ್ಲಿ ಕೂಲಂಟ್ 93, 94. ಸೂಪರ್ ಮಾರ್ಕೆಟ್‌ನಲ್ಲಿ ನಿಂತಾಗ 98ರವರೆಗೆ ಹೋಗಿ ಫ್ಯಾನ್ ಬಂದು ಇಳಿಯಿತು. ಜಾಲರಿ ಇಲ್ಲದಾಗಿನದಕ್ಕಿಂತ ಒಂದು ಡಿಗ್ರಿ ಜಾಸ್ತಿ ಇರಬಹುದು. ಎ.ಸಿ. ವೆಂಟ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಉಳಿದ ಜಾಲರಿ ತುಂಡಿನಲ್ಲಿ ಇನ್ನೊಂದು ಕೆಲಸ ಮಾಡಿದೆ, ಅದು ಇದಕ್ಕಿಂತ ಜಾಸ್ತಿ ಉಪಯೋಗ ಆಯಿತು. ವೈಪರ್ ಕೆಳಗೆ, ಕ್ಯಾಬಿನ್‌ಗೆ ಗಾಳಿ ಹೋಗುವ ಬಾಯಿ ಇದೆಯಲ್ಲ, ಅಲ್ಲಿಂದ ಸುಂಡಿಲಿ ನುಗ್ಗಿ ಕ್ಯಾಬಿನ್ ಫಿಲ್ಟರ್ ಕಡಿದು ಗೂಡು ಕಟ್ಟಿತ್ತು. ಎ.ಸಿ. ಹಾಕಿದರೆ ಕೂರಲು ಆಗದಷ್ಟು ವಾಸನೆ. ಸುಂಡಿಲಿ ಬಹಳ ಸಣ್ಣ ಸಂದಿಯಲ್ಲೂ ತೂರುತ್ತದೆ, ಈ 5 ಮಿ.ಮೀ. ಜಾಲರಿಯಲ್ಲಿ ತೂರುವುದು ಕಷ್ಟ. ಆ ಬಾಯಿಗೂ ಒಂದು ತುಂಡು ಕೂರಿಸಿದೆ, ಅಂದಿನಿಂದ ಇಲಿ ಇಲ್ಲ. ಎಂಜಿನ್ನಿನ ಏರ್ ಫಿಲ್ಟರ್ ಮೂತಿಗೂ ಹಾಕಿ ನೋಡಿ, ತೆಗೆದೆ. ಅಲ್ಲಿ ಫಿಲ್ಟರ್ ಇದ್ದೇ ಇದೆ, ಇದು ಸುಮ್ನೆ ಇನ್ನೊಂದು ಅಡ್ಡಿ.

ಖರ್ಚು ಹೇಳಿಬಿಡುತ್ತೇನೆ. ಜಾಲರಿ ಐದುನೂರರ ಒಳಗೆ, ಪಟ್ಟಿ–ರಿವೆಟ್ ಇನ್ನೂರು, ಸ್ಪ್ರೇ ಇನ್ನೂರೈವತ್ತು, ಬಂಪರ್ ಬಿಚ್ಚುವಾಗ ಮುರಿಯುವ ಕ್ಲಿಪ್‌ಗೆ ನೂರು. ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ, ಮುರಿದೇ ಮುರಿಯುತ್ತವೆ. ಸಾವಿರ, ಸಾವಿರದ ನೂರರಲ್ಲಿ ಮುಗಿಯಿತು. ಸೋತ ಜಾಲರಿಗಳನ್ನೂ ಸೇರಿಸಿದರೆ ಎರಡು ಸಾವಿರ ದಾಟಲ್ಲ. ಕಂಡೆನ್ಸರ್‌ನ ಒಂಬತ್ತು ಸಾವಿರದ ಮುಂದೆ ಇದೇನು ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ಹುಷಾರು. ಕೆಲವು ಹೊಸ ಗಾಡಿಗಳಲ್ಲಿ ಮುಂದಿನ ಗ್ರಿಲ್ ಹಿಂದೆ ಅಥವಾ ಬಂಪರ್ ಒಳಗೆ, ಮುಂದಿನ ಗಾಡಿ ಎಷ್ಟು ದೂರ ಅಂತ ಅಳೆಯುವ ರೇಡಾರ್ ಇರುತ್ತದೆ, ಮುಂದೆ ಪಾರ್ಕಿಂಗ್ ಸೆನ್ಸರ್ ಇರುತ್ತದೆ. ರೇಡಾರ್ ಮುಂದೆ ಲೋಹದ ಜಾಲರಿ ಬಂದರೆ ಅದಕ್ಕೆ ಕಣ್ಣು ಕಟ್ಟಿದ ಹಾಗೆ. ಅಂಥ ಗಾಡಿಗೆ ರೇಡಾರ್, ಸೆನ್ಸರ್ ಇರುವ ಜಾಗ ಬಿಟ್ಟು, ಉಳಿದ ಬಾಯಿಗೆ ಮಾತ್ರ ಹಾಕಿ.