ಪುಣೆಯಲ್ಲಿ ಟ್ವೀಕ್ ಹಿಡಿದ ನನ್ನ ಅನುಭವ

ಪುಣೆಯ ಭೂಕಾಂತೀಯ ಅಕ್ಷಾಂಶ (ಭೂಮಿಯ ಕಾಂತೀಯ ಸಮಭಾಜಕದಿಂದ ಅಳೆದದ್ದು) ಸುಮಾರು 10 ಡಿಗ್ರಿಯಷ್ಟೇ ಆದ್ದರಿಂದ, ಇಲ್ಲಿ ನೈಸರ್ಗಿಕ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ ರೇಡಿಯೋ) ತರಂಗಗಳಿಗಾಗಿ ಹಣ ಸುರಿಯುವುದು ವ್ಯರ್ಥವೆಂದು ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಹೇಳುತ್ತಲೇ ಇದ್ದರು. ವಿಸ್ಲರ್, ಅಂದರೆ ಮಿಂಚಿನ ತರಂಗ ಭೂಮಿಯ ಕಾಂತರೇಖೆ ಹಿಡಿದು ಮೇಲೇರಿ ಇನ್ನೊಂದು ಗೋಲಾರ್ಧದಲ್ಲಿ ಇಳಿದಾಗ ಕೇಳಿಸುವ ಸಿಳ್ಳೆಯ ಮಟ್ಟಿಗೆ ಆ ಮಾತು ಬಹುಪಾಲು ಸರಿ: ಇಲ್ಲಿಂದ ಮೇಲೇಳುವ ಕಾಂತರೇಖೆ 200 ಕಿ.ಮೀ. ಆಸುಪಾಸಿನಲ್ಲೇ ಬಾಗಿ, ಅಯಾನುಗೋಳವನ್ನು (ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರ) ದಾಟದೆ ಕೆಳಗಿಳಿಯುತ್ತದೆ. ನಾನು ಬೆನ್ನು ಹತ್ತಿದ್ದು, ದೂರದ ಮಿಂಚಿನ ರೇಡಿಯೋ ಮಿಡಿತ ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಪುಟಿಯುತ್ತ ಬಂದು, ಬಾಗಿದ ಬಾಲದಂತೆ ಎಳೆದುಕೊಂಡು ಕೇಳಿಸುವ ಸದ್ದುಗಳಾದ ಟ್ವೀಕ್‌ಗಳನ್ನು.

ಕೊಥರೂಡಿನ ಮನೆಯ ತಾರಸಿಯಲ್ಲಿ ಒಂದು ಮೀಟರ್ ಚೌಕದ ಲೂಪ್ ಆಂಟೆನಾಗೆ ನೂರು ಸುತ್ತು ಸುತ್ತಿದೆ. ಬುಧವಾರ ಪೇಠೆಯಲ್ಲಿ ಕೊಂಡ ಎನಾಮಲ್ ತಂತಿಗೇ ಸಾವಿರದ ಹತ್ತಿರವಾಯಿತು. ಸ್ಪೆಕ್ಟ್ರೋಗ್ರಾಮಿನಲ್ಲಿ (ಸದ್ದಿನ ಆವರ್ತನ ಕಾಲಕ್ಕೆ ತಕ್ಕಂತೆ ಬದಲಾಗುವುದನ್ನು ತೋರುವ ಚಿತ್ರ) ಕಂಡದ್ದು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತ, ಮನೆಗಳ ಕರೆಂಟಿನಿಂದ ಬರುವ 50 ಹರ್ಟ್ಸ್ ಹಾರ್ಮೋನಿಕ್‌ಗಳು ಮಾತ್ರ. ಮೂರು ಸಾವಿರ ಕೊಟ್ಟು ತರಿಸಿದ ಸಿದ್ಧ ಪ್ರೀ-ಆಂಪ್ಲಿಫೈಯರ್, ಮೀಡಿಯಂ ವೇವ್ ಪ್ರಸಾರವನ್ನೂ ಒಳಗೆಳೆದುಕೊಂಡು ಗೊಗ್ಗರಿಸಿತು. ಕೊನೆಗೆ ಕೈಹಿಡಿದದ್ದು ಒಂದೂವರೆ ಮೀಟರಿನ ವಿಪ್ (ನೆಟ್ಟಗೆ ನಿಲ್ಲಿಸುವ ಕಡ್ಡಿಯ ಆಂಟೆನಾ), ಗೇಟಿಗೆ 10 ಮೆಗಾಓಮ್ ಹಾಕಿದ ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), 9 ವೋಲ್ಟಿನ ಬ್ಯಾಟರಿ ಮತ್ತು 48 ಕಿಲೋಹರ್ಟ್ಸ್‌ನ ಯುಎಸ್‌ಬಿ ಸೌಂಡ್ ಕಾರ್ಡ್. ಎಲ್ಲ ಸೇರಿ ಎರಡೂವರೆ ಸಾವಿರ ದಾಟಲಿಲ್ಲ. ಆದರೆ ಇದನ್ನು ಮುಳಶಿ ದಾಟಿ ತಾಮ್ಹಿಣಿ ಘಾಟಿನ ಕಡೆಗೆ, ವಿದ್ಯುತ್ ತಂತಿಯಿಂದ ಕಿಲೋಮೀಟರಿಗೂ ದೂರ ಒಯ್ದು, ಅರ್ತ್ ಸಲಾಕೆಯನ್ನು ಹಸಿ ನೆಲದಲ್ಲಿ ಊರಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಮೇಲಷ್ಟೇ ಫಲ ಸಿಕ್ಕಿತು. ಉಳಿದ ಗುಂಯ್‌ಗುಡುವಿಕೆಯನ್ನು ಸಾಫ್ಟ್‌ವೇರಿನಲ್ಲಿ ಕಳೆಯುತ್ತೇನೆ. ಗ್ರಿಡ್ಡಿನ ಆವರ್ತನ 50ರ ಆಚೀಚೆ ಅಲೆಯುತ್ತಲೇ ಇರುವಾಗ ಅದರ ಜಾಡು ಹಿಡಿಯುವ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಕತ್ತಲಾಗಿ ಒಂದು ಗಂಟೆ ಕಳೆದರೆ ಟ್ವೀಕ್‌ಗಳು ಬರತೊಡಗುತ್ತವೆ. ಬಾಲ 1.7 ಕಿಲೋಹರ್ಟ್ಸ್ ಬಳಿ ನಿಂತರೆ, ಬೆಳಕಿನ ವೇಗವನ್ನು ಅದರ ಎರಡರಷ್ಟರಿಂದ ಭಾಗಿಸಿದಾಗ ಪ್ರತಿಫಲನದ ಎತ್ತರ 88 ಕಿ.ಮೀ. ಎಂದು ಸಿಗುತ್ತದೆ, 1.8 ಆದರೆ 83. ಒಳ್ಳೆಯ ರಾತ್ರಿ 3.4ರ ಸುಮಾರಿಗೆ ಎರಡನೆಯ ಬಾಲವೂ ಸ್ಪಷ್ಟವಾಗಿ ಮೂಡುತ್ತದೆ, ಮತ್ತು ಅಂಥ ಚಿತ್ರಗಳು ನನ್ನ ಬಳಿ ಸಾಕಷ್ಟಿವೆ. ಬಾಲದ ಬಾಗಿನಿಂದ ಲೆಕ್ಕ ಹಾಕಿದರೆ ಮಿಂಚುಗಳು ಎರಡರಿಂದ ನಾಲ್ಕು ಸಾವಿರ ಕಿ.ಮೀ. ದೂರದವು. ಅಶ್ವಿನಿ, ಭರಣಿ ಮಳೆಯ ಕಾಲದಲ್ಲಿ ಮಿಂಚು ಹೆಚ್ಚೆಂದು ಹೊರಡಬೇಡಿ. ಹತ್ತಿರದ ಸಿಡಿಲಿಗೆ ಜೆಫೆಟ್ ಉಸಿರುಗಟ್ಟುತ್ತದೆ, ಬಯಲಿನಲ್ಲಿ ವಿಪ್ ನೆಟ್ಟು ಕೂರುವುದಂತೂ ಅಪಾಯ. ಚಳಿಗಾಲವೇ ಲೇಸು.

ಇದೇ ರಿಸೀವರಿನಿಂದ, ಸುಮಾರು 1200 ಕಿ.ಮೀ. ದೂರದಲ್ಲಿ ತಿರುನೆಲ್ವೇಲಿಯ ಬಳಿ ಇರುವ ನೌಕಾಪಡೆಯ 18.2 ಕಿಲೋಹರ್ಟ್ಸ್ ಪ್ರೇಷಕವನ್ನೂ ಗಮನಿಸಿದೆ. ನೈಸರ್ಗಿಕ ತರಂಗವಲ್ಲದಿದ್ದರೂ, ಸೂರ್ಯೋದಯದ ಹೊತ್ತಿಗೆ ಅದರ ಮಟ್ಟ ಕುಸಿದು ಮತ್ತೆ ಏರುವುದನ್ನು ಟ್ವೀಕ್‌ಗಳು ನಿಂತುಹೋಗುವ ಸಮಯದೊಂದಿಗೆ ಹೋಲಿಸಿ ನೋಡಬಹುದು. ಅದಕ್ಕೆ ಹಳೆಯ ಲೂಪೇ ಸಾಕು, ಕೊಥರೂಡಿನ ತಾರಸಿಯೂ ಸಾಕು.