ಬೆಳಗಿನ ಪೇಪರ್ ಲೈನ್, ಹಗಲು ಬಿ.ಎ., ಉಳಿದ ಹೊತ್ತು ಎಫ್‌ಡಿಎ ತಯಾರಿ

ಧಾರವಾಡಕ್ಕೆ ಓದಲು ಬಂದವರಿಗೆ ಸಿಗುವ ಕೆಲಸಗಳಲ್ಲಿ ಕ್ಲಾಸಿಗೆ ಅಡ್ಡಬಾರದ್ದೆಂದರೆ ಪೇಪರ್ ಹಾಕುವುದು. ಹೋಟೆಲ್ ಸಪ್ಲೈ, ಊಟದ ಡೆಲಿವರಿಯಲ್ಲಿ ದುಡ್ಡು ಹೆಚ್ಚು, ನಿಜ. ಆದರೆ ಅವು ಸಂಜೆಯನ್ನೆಲ್ಲ ನುಂಗುತ್ತವೆ, ಓದಿಗೆ ಉಳಿಯುವುದೂ ಅದೇ ಹೊತ್ತು. ಬಿ.ಎ. ಜೊತೆಗೆ ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಗೂ ಓದುತ್ತ ನಾನು ಲೈನ್, ಅಂದರೆ ದಿನವೂ ಪೇಪರ್ ಹಾಕುವ ಮನೆಗಳ ಸಾಲು, ನಡೆಸುವ ಬಗೆ ಇದು.

ಒಪ್ಪಿಕೊಳ್ಳುವ ಮುಂಚೆ ಏಜೆಂಟರನ್ನು ಕೇಳಿಬಿಡಬೇಕು: ಬಿಲ್ ವಸೂಲಿ ಯಾರದು, ಬಾಕಿ ಉಳಿದರೆ ಯಾರ ಪಗಾರದಲ್ಲಿ ಮುರಿಯುತ್ತೀರಿ, ಪರೀಕ್ಷೆ ಬಂದಾಗ ಬದಲಿ ಹುಡುಗನಿಗೆ ಯಾರು ಕೊಡುತ್ತಾರೆ. ತಕರಾರು ಹುಟ್ಟುವುದು ಪಗಾರದ ಮೊತ್ತಕ್ಕಿಂತ ಇವುಗಳಲ್ಲೇ.

ನಾಲ್ಕೂವರೆ ಸುಮಾರಿಗೆ ಬಂಡಲ್ ಇಳಿಯುತ್ತವೆ. ಅವು ಇಳಿಯುವ ಪಾಯಿಂಟಿನಲ್ಲೇ ಎಣಿಸಿಕೊಳ್ಳಬೇಕು, ಲೈನಿನ ಮಧ್ಯೆ ಎರಡು ಪ್ರತಿ ಕಡಿಮೆ ಬಿದ್ದರೆ ಕೇಳುವವರಿಲ್ಲ. ಆಮೇಲೆ ಪುರವಣಿ ಹಾಕುವ ಕೆಲಸ. ಅದು ಪೇಪರಿನ ಮಡಿಕೆಯ ಬೆನ್ನಿಗೆ ತಾಗುವಷ್ಟು ಒಳಗೆ ಹೋಗಬೇಕು, ಮೇಲೆ ಮೇಲೆ ಸಿಕ್ಕಿಸಿದರೆ ಎಸೆದಾಗ ಜಾರಿ ಅಂಗಳದಲ್ಲಿ ಹಾರಾಡುತ್ತದೆ. ಪಾಂಪ್ಲೆಟ್ ಬಂದ ದಿನ ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ. ಅದಕ್ಕೆ ಬೇರೆ ದುಡ್ಡು ಇದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ.

ಹನ್ನೆರಡು ಪುಟದ ಪೇಪರ್ ಸುಮಾರು 50 ಗ್ರಾಂ ತೂಗುತ್ತದೆ. 120 ಮನೆಯ ಲೈನೆಂದರೆ 6 ಕಿಲೊ, ಪುರವಣಿ ದಪ್ಪಗಿರುವ ಭಾನುವಾರ 9–10 ಕಿಲೊ. ಅಷ್ಟನ್ನೂ ಹ್ಯಾಂಡಲ್ಲಿಗೆ ನೇತುಹಾಕಿದರೆ ಧಾರವಾಡದ ಏರಿನಲ್ಲಿ ಸೈಕಲ್ ಎಳೆದಾಡುತ್ತದೆ. ಮೊದಲ ಅರ್ಧ ಲೈನಿನ ಪೇಪರ್ ಮುಂದಿನ ಚೀಲದಲ್ಲಿ, ಉಳಿದದ್ದು ಹಿಂದೆ ಕ್ಯಾರಿಯರ್‌ನಲ್ಲಿ ಟ್ಯೂಬಿನಿಂದ ಬಿಗಿದು. ಮುಂದಿನದು ಖಾಲಿಯಾದಾಗ ಹಿಂದಿನದನ್ನು ಮುಂದಕ್ಕೆ ತಂದುಕೊಳ್ಳುವುದು.

ಇಡೀ ಕೆಲಸ ನಿಂತಿರುವುದು ಲೈನ್ ಪುಸ್ತಕದ ಮೇಲೆ. ಪತ್ರಿಕೆಯ ಹೆಸರಿನ ಪ್ರಕಾರ ಬರೆದರೆ ಉಪಯೋಗವಿಲ್ಲ, ಓಣಿ ಹಿಡಿದು ಹೋಗುವ ಸಾಲಿನಲ್ಲೇ ಬರೆಯಬೇಕು: ‘ಎಡಕ್ಕೆ ಹಸಿರು ಗೇಟ್ – ಸಂ.ಕ.’, ‘ಮೇಲ್ಮನೆ – ಪ್ರ.ವಾ., ಹಿಂದೂ’, ‘ನಾಯಿ, ಕಂಪೌಂಡ್ ಮೇಲೆ ಇಡು’ (ಸಂ.ಕ. ಎಂದರೆ ಸಂಯುಕ್ತ ಕರ್ನಾಟಕ, ಪ್ರ.ವಾ. ಎಂದರೆ ಪ್ರಜಾವಾಣಿ). ಪೇಪರನ್ನೂ ಅದೇ ಸಾಲಿನಲ್ಲಿ ಜೋಡಿಸಿಕೊಂಡರೆ ಪ್ರತಿ ಮನೆಯ ಮುಂದೆ ಹುಡುಕುತ್ತ ನಿಲ್ಲಬೇಕಾಗಿಲ್ಲ. ಒಂದು ಮನೆ ತಪ್ಪಿದರೆ ಮಾತ್ರ ಮುಂದಿನ ಅಷ್ಟೂ ಮನೆಗೆ ಅದಲುಬದಲು. ಅದಕ್ಕೆ ಪ್ರತಿ ಓಣಿಯ ಕೊನೆಯ ಪೇಪರಿನ ಮೂಲೆ ಮಡಚಿಟ್ಟಿರುತ್ತೇನೆ. ಓಣಿ ಮುಗಿದಾಗ ಕೈಗೆ ಮಡಚಿದ ಪೇಪರ್ ಬರದಿದ್ದರೆ ತಪ್ಪಿದ್ದು ಅಲ್ಲಿಯೇ ಸಿಗುತ್ತದೆ. ಪುಸ್ತಕ ಹೀಗಿದ್ದರೆ ಸೆಮಿಸ್ಟರ್ ಪರೀಕ್ಷೆಯ ವಾರ ಬದಲಿ ಹುಡುಗನನ್ನು ಎರಡು ದಿನ ಜೊತೆಗೆ ಕರೆದೊಯ್ದರೆ ಸಾಕು.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಚೀಲದ ಮೇಲಷ್ಟೇ ಅಲ್ಲ, ತಳಕ್ಕೂ ಬೇಕು. ಚಕ್ರದ ನೀರು ಕೆಳಗಿನಿಂದಲೇ ಹಾರುತ್ತದೆ.

ಬಿಲ್ಲಿಗೆ ತಿಂಗಳ ಮೊದಲ ಭಾನುವಾರ ಎಂಟರಿಂದ ಹನ್ನೊಂದರವರೆಗೆ ಹೋಗುವುದು ಒಳ್ಳೆಯದು, ಯಜಮಾನರು ಮನೆಯಲ್ಲಿರುತ್ತಾರೆ. ಫೋನಿನಲ್ಲಿ ಕೊಡುವವರಿಗೆ ಏಜೆಂಟರ ಕ್ಯೂಆರ್ ತೋರಿಸಿ. ನಿಮ್ಮ ನಂಬರಿಗೆ ಹಾಕಿಸಿಕೊಂಡರೆ ಲೆಕ್ಕ ಒಪ್ಪಿಸುವ ದಿನ ತಲೆನೋವು.

ಇನ್ನು ಓದು. ನಾಲ್ಕಕ್ಕೆ ಏಳಬೇಕೆಂದರೆ ಹತ್ತಕ್ಕೆ ಮಲಗಲೇಬೇಕು, ರೂಮಿನವರು ಹನ್ನೊಂದೂವರೆವರೆಗೆ ಹರಟುತ್ತಿದ್ದರೂ ಸರಿ. ಲೈನ್ ಮುಗಿಸಿ ಬಂದ ಮೇಲೆ ಇತಿಹಾಸದ ಪುಸ್ತಕ ಹಿಡಿದರೆ ನಾಲ್ಕನೇ ಪುಟಕ್ಕೆ ಕಣ್ಣು ಮುಚ್ಚುತ್ತದೆ. ಆ ಹೊತ್ತಿಗೆ ಪೆನ್ನು ಓಡುವ ಕೆಲಸ ಬೇಕು: ಶೇಕಡಾವಾರು, ಸರಾಸರಿ, ಕಾಲ–ವೇಗದ ಲೆಕ್ಕಗಳು. ಓದುವಂಥದ್ದು ಸಂಜೆಗೆ, ಆರರಿಂದ ಒಂಬತ್ತೂವರೆ. ಆರರಿಂದ ಹತ್ತನೇ ತರಗತಿವರೆಗಿನ ರಾಜ್ಯ ಪಠ್ಯದ ಸಮಾಜ ವಿಜ್ಞಾನ ಪುಸ್ತಕಗಳನ್ನು ಮುಗಿಸದೆ ದಪ್ಪ ಗೈಡಿಗೆ ಕೈಹಾಕುವುದು ದಂಡ.

ಪೇಪರ್ ಹಾಕುವವನಿಗೆ ಪ್ರಚಲಿತ ವಿದ್ಯಮಾನ ತಾನಾಗಿ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಕುವಾಗ ತಲೆಬರಹ ಬಿಟ್ಟು ಏನೂ ತಲೆಗೆ ಹೋಗುವುದಿಲ್ಲ. ಉಳಿದ ಪ್ರತಿಯನ್ನು ಮಧ್ಯಾಹ್ನ ನಲವತ್ತು ನಿಮಿಷ ಓದುತ್ತೇನೆ: ರಾಜ್ಯ, ವಾಣಿಜ್ಯ, ಸಂಪಾದಕೀಯ. ಒಂದು ಸುದ್ದಿಗೆ ಒಂದೇ ಸಾಲು: ಯೋಜನೆ ಯಾವುದು, ಇಲಾಖೆ ಯಾವುದು, ಸಂವಿಧಾನದ ಯಾವ ವಿಧಿಗೆ ಸೇರುತ್ತದೆ. ರಾಜಕಾರಣಿಗಳ ಬೈದಾಟ ಪರೀಕ್ಷೆಗೆ ಬರುವುದಿಲ್ಲ.

ಎಫ್‌ಡಿಎಯಲ್ಲಿ ಕಡ್ಡಾಯ ಕನ್ನಡ 150 ಅಂಕದ್ದು, 50 ಬಂದರೆ ಪಾಸು. ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಸಾಮಾನ್ಯ ಜ್ಞಾನ 100, ಸಾಮಾನ್ಯ ಕನ್ನಡ ಅಥವಾ ಇಂಗ್ಲಿಷ್ 100. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ನಾಲ್ಕರಲ್ಲಿ ಎರಡು ಆಯ್ಕೆ ಖಚಿತವಾಗಿ ತಪ್ಪೆಂದು ಗೊತ್ತಿದ್ದರೆ ಊಹೆ ಹೆಚ್ಚು ಲಾಭದ್ದು.

ಅಧಿಸೂಚನೆಗೆ ವರ್ಷಗಟ್ಟಲೆ ಕಾಯಬೇಕಾದೀತು. ಹಾಗಾಗಿ ಅದೊಂದನ್ನೇ ನೆಚ್ಚಿಕೊಂಡಿಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಬೆಳಗಿನ ಲೆಕ್ಕಗಳು ಅಲ್ಲಿಗೂ ಆಗುತ್ತವೆ.

ಅಂಕ ಇದ್ದೂ ಕೈತಪ್ಪುವುದು ಕಾಗದಪತ್ರದಲ್ಲಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಮೀಸಲಾತಿ ಇದೆ. ಅರ್ಜಿಯ ಕೊನೆಯ ದಿನದೊಳಗೆ ಪ್ರಮಾಣ ಪತ್ರ ಕೈಯಲ್ಲಿರಬೇಕು. ಗ್ರಾಮೀಣದ್ದಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿಯೂ ಬೇಕು. ಓದಿದ ಶಾಲೆ ಎರಡಾಗಿದ್ದರೆ ಎರಡೂ ಕಡೆ ಅಲೆಯಬೇಕಾಗುತ್ತದೆ, ಶಾಲೆಗೆ ರಜೆ ಬಿಟ್ಟ ಮೇಲೆ ಹೋದರೆ ಬೀಗ. ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಅಧಿಸೂಚನೆಗೆ ಕಾಯದೆ, ಮಾಡಿಸಿಟ್ಟುಕೊಳ್ಳಿ.