ಬಲ್ಕರ್ ಡ್ರೈವರ್ ಪಗಾರ: ಟ್ರಿಪ್ಪಿನ ಲೆಕ್ಕ ಬೇರೆ, ತಾಸಿನ ಲೆಕ್ಕ ಬೇರೆ

ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ಕಡೆ ಸಿಮೆಂಟ್ ಬಲ್ಕರ್ (ಬಿಡಿ ಸಿಮೆಂಟ್ ಒಯ್ಯುವ ಟ್ಯಾಂಕ್ ಲಾರಿ) ಹತ್ತುವವರು ಮೊದಲು ಕೇಳುವುದು ‘ಟ್ರಿಪ್ಪಿಗೆ ಎಷ್ಟು?’ ಎಂದು. ಆ ಅಂಕಿಯೊಂದರಿಂದ ಏನೂ ತಿಳಿಯುವುದಿಲ್ಲ. ಡೈರಿಯಲ್ಲಿ ತಾಸು ಬರೆಯಲು ಶುರುಮಾಡಿದ ಮೇಲೆಯೇ ನನಗೆ ಖರೇ ಪಗಾರ ಕಂಡದ್ದು.

ಪ್ರತಿ ಟ್ರಿಪ್ಪಿಗೆ ಬರೆಯುವ ವೇಳೆಗಳು ಇವು: ಯಾರ್ಡಿಗೆ ಬಂದದ್ದು, ಖಾಲಿ ಗಾಡಿ ಕಾಟಾ (ವೇಬ್ರಿಡ್ಜ್ ತೂಕ) ಆದದ್ದು, ತುಂಬಿಕೊಂಡು ಗೇಟು ದಾಟಿದ್ದು, ಇಳಿಸುವ ಜಾಗ ಮುಟ್ಟಿದ್ದು, ಹೋಸ್ ಜೋಡಿಸಿದ್ದು, ಮರಳಿ ಯಾರ್ಡಿಗೆ ಬಂದದ್ದು. ಲೆಕ್ಕಕ್ಕಾಗಿ ಹಿಡಿಯಿರಿ, ಹೈದರಾಬಾದಿನ ಟ್ರಿಪ್ಪಿಗೆ ₹2,400. ಓಡಿದ್ದು 9 ತಾಸು, ಯಾರ್ಡಿನ ಸಾಲು 6, ಸೈಲೊ (ಇಳಿಸುವ ಜಾಗದ ಸಿಮೆಂಟ್ ಕಣಜ) ಖಾಲಿಯಾಗಲು ಕಾದದ್ದು 7, ಕಾಟಾ ಮತ್ತು ಖಾಲಿ ಮಾಡಿದ್ದು 2. ಒಟ್ಟು 24 ತಾಸಿಗೆ ₹2,400 ಎಂದರೆ ತಾಸಿಗೆ ₹100. ಊಟಕ್ಕೆ ₹400 ಕೈಯಿಂದ ಹೋದರೆ ₹83. ಹತ್ತಿರದ ₹1,500ರ ಟ್ರಿಪ್ 12 ತಾಸಿನಲ್ಲಿ ಮುಗಿದು, ಊಟಕ್ಕೆ ₹200 ಹೋದರೂ ತಾಸಿಗೆ ₹108 ಉಳಿಯುತ್ತದೆ. ದೂರದ ಟ್ರಿಪ್ಪೇ ಲಾಭ ಎಂದು ಹೇಳುವವರು ಕಾದ ತಾಸುಗಳನ್ನು ಎಣಿಸುವುದಿಲ್ಲ. ದಿನಕ್ಕೆ 8 ತಾಸು, ಅದರ ಮೇಲಿನ ದುಡಿಮೆಗೆ ಎರಡು ಪಟ್ಟು ಎಂಬುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇದ್ದ ಅಳತೆ. ಟ್ರಿಪ್ ಲೆಕ್ಕದಲ್ಲಿ ಅದು ಮುಚ್ಚಿಹೋಗುತ್ತದೆ.

ಆದ್ದರಿಂದ ಕೀಲಿ ತಗೊಳ್ಳುವ ಮೊದಲೇ ಕೇಳಬೇಕು: ‘ಸಾವ್ಕಾರ್ರೆ, ಹಾಲ್ಟಿಂಗ್ (ಕಾದದ್ದಕ್ಕೆ ಕೊಡುವ ದುಡ್ಡು) ಯಾವ ತಾಸಿನಿಂದ ಹಿಡೀತೀರಿ?’ ಗೇಟಿನಲ್ಲಿ ಹೆಸರು ಬರೆಸಿದ ವೇಳೆಯಿಂದ ಎಂದು ಮಾತಾಗಬೇಕು. ‘ಮರುದಿನದಿಂದ’ ಎಂದರೆ ಮೊದಲ ದಿನದ ಕಾಯುವಿಕೆ ಪುಕ್ಕಟೆ. ಎಲ್‌ಆರ್ (ಮಾಲಿನ ಲಾರಿ ರಸೀದಿ) ಹಿಂಬದಿಗೆ ಒಳಬಂದ, ಹೊರಬಿದ್ದ ವೇಳೆ ಬರೆಸಿ ಸಿಕ್ಕಾ ಹೊಡೆಸಿ. ಹೊರಡುವ ಮುಂಚೆ ಇಳಿಸುವ ಜಾಗದ ಆಪರೇಟರಿಗೆ ಒಂದು ಫೋನು: ‘ಅಣ್ಣಾ, ಸೈಲೊದಾಗ 30 ಟನ್ನಿಗೆ ಜಾಗಾ ಅದನ್ರೀ?’ ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಈ ಒಂದು ಫೋನಿನಿಂದ ಉಳಿಯುವ ಕಾಯುವಿಕೆ ಸಣ್ಣದಲ್ಲ.

ಹೆಚ್ಚು ಹಣ ಕೊಯ್ಯುವುದು ಶಾರ್ಟೇಜ್, ಅಂದರೆ ತುಂಬಿದಲ್ಲಿಗಿಂತ ಇಳಿಸುವಲ್ಲಿ ಕಡಿಮೆ ಬಂದ ತೂಕ. ಎಷ್ಟೋ ಸಲ ಅದು ಸಿಮೆಂಟೇ ಆಗಿರುವುದಿಲ್ಲ, ಡೀಸೆಲ್ ಆಗಿರುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 0.83 ಕೆ.ಜಿ. ದಾರಿಯಲ್ಲಿ 60 ಲೀಟರ್ ಉರಿದರೆ ತುಂಬಿದ ಗಾಡಿ 50 ಕೆ.ಜಿ. ಕಡಿಮೆ ತೂಗುತ್ತದೆ. ಇಳಿಸುವ ಜಾಗದಲ್ಲಿ ತುಂಬಿದ ಗಾಡಿಯ ತೂಕ ಮಾತ್ರ ಹಿಡಿದರೆ ಆ 50 ಕೆ.ಜಿ. ನಿಮ್ಮ ಮೇಲೆ. ಖಾಲಿ ತೂಕವನ್ನೂ ಅದೇ ಕಾಟಾದಲ್ಲಿ ಮಾಡಿಸಿ, ಎರಡರ ಅಂತರ ತೆಗೆದರೆ ಈ ತಕರಾರು ಇರುವುದಿಲ್ಲ. ಆದರೆ ಆ ಎರಡು ತೂಕಗಳ ನಡುವೆ ಡೀಸೆಲ್ ಹಾಕಿಸಲೇಬಾರದು: 200 ಲೀಟರ್ ಹಾಕಿಸಿದರೆ ಖಾಲಿ ತೂಕ 166 ಕೆ.ಜಿ. ಏರಿ, ಅಷ್ಟೇ ಶಾರ್ಟೇಜ್ ತೋರಿಸುತ್ತದೆ. ತುಂಬಿದ ತೂಕಕ್ಕೆ ಕ್ಲೀನರ್ ಕೆಳಗೆ, ಖಾಲಿ ತೂಕಕ್ಕೆ ಒಳಗೆ ಎಂದರೂ ಇದೇ ಗತಿ.

ಖರೇ ಶಾರ್ಟೇಜ್ ಟ್ಯಾಂಕಿನೊಳಗೆ ಉಳಿದದ್ದು. ಏರೇಷನ್ ಪ್ಯಾಡ್ (ಗಾಳಿ ಹಾಯಿಸಿ ಸಿಮೆಂಟ್ ಸಡಿಲಿಸುವ ತಳದ ಹಾಸು) ಹರಿದಿದ್ದರೆ, ಅಥವಾ ಕಂಪ್ರೆಸರಿನ ಗಾಳಿಯಲ್ಲಿ ಪಸೆ ಇದ್ದರೆ ಸಿಮೆಂಟ್ ತಳಕ್ಕೆ ಗಟ್ಟಿಯಾಗಿ ಕೂರುತ್ತದೆ. ಒತ್ತಡ ಏರುವ ಮುಂಚೆಯೇ ಡಿಸ್ಚಾರ್ಜ್ ವಾಲ್ವ್ ಪೂರಾ ತೆರೆದರೆ ಲೈನ್ ಚೋಕ್ ಆಗುತ್ತದೆ. ಆಗ ವಾಲ್ವ್ ಮುಚ್ಚಿ, ಬರೀ ಗಾಳಿ ಬಿಟ್ಟು ಲೈನ್ ಬಿಡಿಸಿಕೊಂಡು, ಮತ್ತೆ ನಿಧಾನವಾಗಿ ತೆರೆಯಬೇಕು. ಟ್ಯಾಂಕಿನ ತಟ್ಟೆಯ ಮೇಲೆ ಬರೆದ ಒತ್ತಡ (ಸಾಮಾನ್ಯವಾಗಿ 2 ಬಾರ್) ದಾಟಿಸಬಾರದು. ಗೇಜಿನ ಮುಳ್ಳು ಸೊನ್ನೆಗೆ ಬರುವ ತನಕ ಮೇಲಿನ ಮುಚ್ಚಳದ ಬೋಲ್ಟ್ ಮುಟ್ಟಬೇಡಿ. ಮುಚ್ಚಳ ಹಾರಿದರೆ ಜೀವ ಹೋಗುತ್ತದೆ.

ಅವರೇಜಿನ (ಲೀಟರಿಗೆ ಓಡಿದ ಕಿಲೋಮೀಟರಿನ) ಇನಾಮು ಕೊಡುವ ಮಾಲಕರೊಡನೆ ಇನ್ನೊಂದು ಮಾತು ಬೇಕು. ಖಾಲಿ ಮಾಡುವಾಗ ಪಿಟಿಒ (ಎಂಜಿನ್ನಿನಿಂದ ಕಂಪ್ರೆಸರ್ ತಿರುಗಿಸುವ ಜೋಡಣೆ) ಮೇಲೆ ಎಂಜಿನ್ ನಿಂತಲ್ಲೇ ಡೀಸೆಲ್ ಕುಡಿಯುತ್ತದೆ, ಕಿಲೋಮೀಟರ್ ಏರುವುದಿಲ್ಲ. ಖಾಲಿ ಮಾಡುವ ಮುಂಚೆ ಒಮ್ಮೆ ಡೀಸೆಲ್ ಟ್ಯಾಂಕ್ ಫುಲ್ ಮಾಡಿ, ಆದ ಮೇಲೆ ಮತ್ತೆ ಫುಲ್ ಮಾಡಿ ಅಳೆಯಿರಿ (ಶಾರ್ಟೇಜ್ ಲೆಕ್ಕವಿಲ್ಲದ ಟ್ರಿಪ್ಪಿನಲ್ಲಿ). ಬಂದ ಲೀಟರನ್ನು ಅವರೇಜಿನಿಂದ ಬೇರೆ ಮಾಡಿಸಿಕೊಳ್ಳಿ.

ಟನ್ನಿಗಿಷ್ಟು ಎಂಬ ಕಮಿಷನ್ ನನಗೆ ಸೇರುವುದಿಲ್ಲ. ಅದು ಓವರ್‌ಲೋಡಿಗೆ ಎಳೆಯುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ದಂಡ ₹20,000, ಜತೆಗೆ ಹೆಚ್ಚಿನ ಪ್ರತಿ ಟನ್ನಿಗೆ ₹2,000. ಬಲ್ಕರಿನಿಂದ ಹೆಚ್ಚಿನ ಮಾಲನ್ನು ರಸ್ತೆ ಬದಿಗೆ ಇಳಿಸಲೂ ಬರುವುದಿಲ್ಲ, ಗಾಡಿ ಅಲ್ಲೇ ನಿಲ್ಲುತ್ತದೆ.

ಪೆಟ್ರೋಲ್, ಡೀಸೆಲ್, ಎಥೆನಾಲ್ ಟ್ಯಾಂಕರಿಗೆ ಹೋಗಬೇಕೆಂದರೆ ಅಪಾಯಕಾರಿ ಸರಕಿನ 3 ದಿನದ ತರಬೇತಿ ಮುಗಿಸಿ ಲೈಸೆನ್ಸಿಗೆ ನಮೂದು ಮಾಡಿಸಬೇಕು. ಆ ನಮೂದು ಇದ್ದವರು ಬಲ್ಕರಿನ ದರಕ್ಕೆ ಒಪ್ಪಬೇಡಿ.

ತಿಂಗಳ ಕೊನೆಗೆ ಹಿಸಾಬಿಗೆ ಕೂರುವಾಗ ಡೈರಿ, ಎಲ್‌ಆರ್ ಸಿಕ್ಕಾ, ಎರಡೂ ಕಾಟಾ ಚೀಟಿಗಳ ಫೋಟೊ ಕೈಯಲ್ಲಿರಲಿ. ಕಾಟಾ ಚೀಟಿಯ ಮಸಿ ಬಿಸಿಲಿಗೆ ಹಾರಿಹೋಗುತ್ತದೆ, ಅದಕ್ಕೇ ಫೋಟೊ ಅವತ್ತೇ ತೆಗೆಯಬೇಕು.